ಚೀಲ ಇಳಿಸಬಾರದು

ನನ್ನ ನಗು ನನ್ನ ಮಾತು ಕೇಳುವುದಿಲ್ಲ. ಬರಬಾರದ ಕಡೆಯಲ್ಲೇ ಬರುತ್ತದೆ. ನನ್ನ ಮದುವೆಯ ದಿನ ಬಂತು. ಸಾವಿನ ಮನೆಯಲ್ಲಿ ಬಂತು. ನನ್ನ ಗಂಡ ಸತ್ತಾಗ ಅವನ ಎತ್ತರಕ್ಕೆ ತೋಡಿದ ಗುಂಡಿ ಸಾಲದೆ, ಅಗೆಯುವವರು ಬೈದುಕೊಳ್ಳುತ್ತ ಮತ್ತೆ ಗುದ್ದಲಿ ಹಿಡಿದಾಗಲೂ ಬಂತು. ಅಳುತ್ತಲೇ ನಕ್ಕೆ. ಸುತ್ತ ನಿಂತವರು ಮುಖ ಸಿಂಡರಿಸಿದರು. ಪಕ್ಕದಲ್ಲಿ ನೋಡಿದರೆ ಅತ್ತೆಯೂ ನಗುತ್ತಿದ್ದಳು, ಹೆತ್ತ ಮಗನ ಗುಂಡಿಯ ಮುಂದೆ ನಿಂತು. ಅವತ್ತಿನಿಂದ ನಾವು ಅತ್ತೆ ಸೊಸೆ ಅನ್ನುವುದಕ್ಕಿಂತ ಜೊತೆಗಾರ್ತಿಯರು ಅನ್ನುವುದೇ ಸರಿ.

ನನಗೆ ಕಿಸಬಾಯಿ ಅಂತ ಹೆಸರಿಟ್ಟವನು ಮೇಸ್ತ್ರಿ. ಅದೇ ಉಳಿಯಿತು.

ನಮ್ಮ ಕೆಲಸ ಗೊಬ್ಬರ ಚೆಲ್ಲುವುದು. ಗುಡ್ಡದ ತುಂಬ ಕೋಸು, ಕ್ಯಾರೆಟ್, ಆಲೂಗಡ್ಡೆ. ಎಲ್ಲ ಒಬ್ಬನದೇ. ಆ ಒಬ್ಬನನ್ನು ನಾವು ಯಾರೂ ನೋಡಿಲ್ಲ. ನಮಗೆ ಕಾಣುವುದು ಮ್ಯಾನೇಜರ್. ಗುಡ್ಡದ ನೆತ್ತಿಯಲ್ಲಿ ಬಂಗಲೆ, ಅದರ ಕೆಳಗೆ ಇಳಿಜಾರಿನ ಹೊಲ, ಹೊಲದ ಕೆಳಗೆ ನಮ್ಮ ಸಾಲುಮನೆ, ಸಾಲುಮನೆಯ ಪಕ್ಕ ನಾವು ನೀರು ಮೊಗೆಯುವ ಗುಂಡಿ. ಈ ಕ್ರಮ ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಇದರಲ್ಲೇ ಇದೆ.

ಬಿಳಿ ಗೊಬ್ಬರವನ್ನು ಚೀಲಕ್ಕೆ ತುಂಬಿ ನಮ್ಮ ಹೆಗಲಿಗೆ ಅಡ್ಡಲಾಗಿ ಬಿಗಿಯುತ್ತಾರೆ. ಚೀಲದ ಬಾಯಿ ಬಲಗೈಗೆ ಸಿಗುವಂತೆ ಮುಂದಕ್ಕಿರುತ್ತದೆ. ಸಾಲಾಗಿ ನಿಂತು, ಹಿಡಿ ತೆಗೆದು, ಬೀಸಿ, ಹೆಜ್ಜೆ ಇಟ್ಟು, ಮತ್ತೆ ಹಿಡಿ ತೆಗೆದು ಬೀಸಬೇಕು. ನಿಲ್ಲಲು ಜಾಗವಿಲ್ಲದ ಇಳಿಜಾರು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸಂಜೆ ಸಮನೆಲದಲ್ಲಿ ನಡೆದರೂ ಕುಂಟುತ್ತೇವೆ. ಬೆರಳ ಸಂದಿಗಳು ಒಡೆದಿರುತ್ತವೆ, ಒಡೆದ ಕಡೆ ಗೊಬ್ಬರ ಕೂತು ಉರಿಯುತ್ತದೆ. ಮೂಗು ಉರಿಯುತ್ತದೆ. ಕಣ್ಣು ಉರಿಯುತ್ತದೆ. ಊಟಕ್ಕೆ ಕೂತರೆ ನಾಲಿಗೆಯೂ ಉರಿಯುತ್ತದೆ.

ಇದಕ್ಕೆಲ್ಲ ಮೇಲೊಂದು ಕಾನೂನು. ಹೊರಿಸಿದ ಚೀಲ ಖಾಲಿಯಾಗುವವರೆಗೆ ಮೈಯಿಂದ ಇಳಿಯಬಾರದು. ಯಾವಾಗಲೋ ಯಾರೋ ಗೊಬ್ಬರ ಕದ್ದು ಮಾರಿದರಂತೆ. ಅವತ್ತಿನಿಂದ ಚೀಲ ಇಳಿಸಿದವಳು ಕಳ್ಳಿ. ಹಾಗಾಗಿ ಚೀಲ ಹೊತ್ತೇ ಉಣ್ಣುತ್ತೇವೆ. ಚೀಲ ಹೊತ್ತೇ ಪೊದೆಯ ಮರೆಗೆ ಹೋಗುತ್ತೇವೆ. ಅಲ್ಲಿ ಕೂರುವಾಗ ಮುಂದಕ್ಕೆ ವಾಲಿದರೆ ಮುಗ್ಗರಿಸುತ್ತೇವೆ, ಹಿಂದಕ್ಕೆ ವಾಲಿದರೆ ಎಲ್ಲಿ ಬೀಳುತ್ತೇವೆ ಅಂತ ಹೇಳಬೇಕಾಗಿಲ್ಲ. ನನ್ನ ಪಕ್ಕದ ಸಾಲಿನ ಕುಳ್ಳಿ ಒಮ್ಮೆ ಹಾಗೆ ಉರುಳಿ, ಉಟ್ಟ ಬಟ್ಟೆ ಒಂದು ಕಡೆ, ತಾನು ಒಂದು ಕಡೆಯಾಗಿ ಕೋಸಿನ ಪಾತಿಯಲ್ಲಿ ನಿಂತಳು. ಚೀಲ ಮಾತ್ರ ಹೆಗಲ ಮೇಲೇ ಇತ್ತು. ಮೇಸ್ತ್ರಿ ಅದನ್ನು ಮೊದಲು ನೋಡಿದ.

ಮೋಡ ಕಪ್ಪಾದರೆ ಮೇಸ್ತ್ರಿಗೆ ಹುಚ್ಚು ಹಿಡಿಯುತ್ತದೆ. "ಬೇಗ ಬೇಗ! ಮಳೆ ಬರೋಕ್ ಮುಂಚೆ ಚೆಲ್ಲಿ! ಮಳೇಲಿ ಕರಗಿ ಬೇರಿಗಿಳೀಬೇಕು!" ಬೇರಿಗೆ ಇಳಿಯುವುದು ತುಂತುರು ಮಳೆಯಲ್ಲಿ. ನಮ್ಮ ಗುಡ್ಡಕ್ಕೆ ತುಂತುರು ಗೊತ್ತಿಲ್ಲ. ಸುರಿದರೆ ಗುಡ್ಡದ ಚರ್ಮ ಸುಲಿಯುವ ಹಾಗೆ ಸುರಿಯುತ್ತದೆ. ನಾವು ಚೆಲ್ಲುತ್ತೇವೆ. ಮಳೆ ತೊಳೆಯುತ್ತದೆ. ತೊಳೆದದ್ದು ಕಾಲುವೆ ಹಿಡಿದು ನಮ್ಮ ಗುಂಡಿಗೆ ಬರುತ್ತದೆ. ನಾವು ಕುಡಿಯುತ್ತೇವೆ.

ಗುಂಡಿ ಹಸಿರಾಗಿ ಬಹಳ ಕಾಲವಾಯಿತು. ಮೇಲೆ ಪಾಚಿಯ ಕೆನೆ. ಕೊಡದ ತಳದಿಂದ ಅದನ್ನು ಆಚೀಚೆ ಸರಿಸಿ ಮುಳುಗಿಸಬೇಕು. ಬೇಸಗೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ನಾವು ಬಾಯಿ ಮುಚ್ಚಿಕೊಂಡೇನೂ ಇರಲಿಲ್ಲ. ಕೇಳಿದೆವು. ಕೇಳಿ ಕೇಳಿ ಒಂದು ದಿನ ಮ್ಯಾನೇಜರ್ ಸಾಹೇಬರು ಗೊಬ್ಬರದ ಶೆಡ್ಡಿಗೆ ದಯಮಾಡಿಸಿದರು. ಇಸ್ತ್ರಿ ಅಂಗಿ, ಕೈಯಲ್ಲಿ ಬಾಟಲಿ ನೀರು. ನಮ್ಮನ್ನೆಲ್ಲ ಚೀಲಗಳ ನಡುವೆ ನಿಲ್ಲಿಸಿದರು.

"ಕೊಳಕು ನೀರಲ್ಲಿಲ್ಲ, ನಿಮ್ಮ ಕೈಯಲ್ಲಿದೆ" ಅಂದರು. "ನೀರು ಕುದಿಸಿ ಕುಡೀರಿ. ಚೆನ್ನಾಗಿ ಕುದಿಸಿ. ಇಷ್ಟು ಮಾಡೋಕೆ ನಿಮಗೇನ್ ಕಷ್ಟ?"

"ಹಸಿರಾಗಿದೆಯಲ್ಲಾ ಸಾರ್" ಅಂದಳು ಕುಳ್ಳಿ.

"ಪಾಚಿ ಅದು. ಸೊಪ್ಪಿದ್ದ ಹಾಗೆ."

"ಗೊಬ್ಬರ ಇಳಿದು ಬರ್ತಿದೆ ಸಾರ್. ಮಳೆ ಬಂದ ಮಾರನೇ ದಿನ ಬಾಯಲ್ಲಿ ಇಡೋಕಾಗಲ್ಲ."

"ಗೊಬ್ಬರ ಅಂದ್ರೆ ಏನಮ್ಮಾ? ಗಿಡದ ಊಟ. ಊಟದಿಂದ ಯಾರಿಗಾದ್ರೂ ತೊಂದರೆ ಆಗುತ್ತಾ?"

ಕುಳ್ಳಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಬಹಳ ವಿನಯದಿಂದ, "ಹಾಗಾದ್ರೆ ತಮಗೂ ಒಂದ್ ತಟ್ಟೆ ಹಾಕ್ಲಾ ಸಾರ್?" ಅಂದಳು.

ನನ್ನ ನಗು ಹೊರಗೆ ಬಂದುಬಿಟ್ಟಿತು. ತಡೆದೆ. ಮೂಗಿನಿಂದ ಬಂತು. ಅದನ್ನೂ ಒತ್ತಿದೆ. ಆಗ ಬಂದ ಸದ್ದಿಗೆ ಉಳಿದವರೆಲ್ಲ ನಗಲು ಶುರು ಮಾಡಿದರು. ಮ್ಯಾನೇಜರ್ ಮುಖ ಕೆಂಪಾಯಿತು. ಕುಳ್ಳಿಯನ್ನು ಬಿಟ್ಟು ನನ್ನನ್ನು ಹಿಡಿದರು.

"ಇವಳ ಬಾಯಿಗೆ ಬಟ್ಟೆ ಕಟ್ಟು" ಅಂತ ಮೇಸ್ತ್ರಿಗೆ ಹೇಳಿದರು. "ಇನ್ ಮೇಲೆ ಕೆಲಸದಲ್ಲಿ ಇವಳ ಹಲ್ಲು ನನಗೆ ಕಾಣಬಾರದು."

ಮೇಸ್ತ್ರಿ ಎಲ್ಲರೆದುರು ಕಟ್ಟಿದ. ಗಂಟು ಕೂದಲಿಗೆ ಸೇರಿಸಿಯೇ ಬಿಗಿದ. ಹಸುವಿನ ಬಾಯಿಗೆ ಕಟ್ಟುವ ಹಾಗೆ. ಆಗ ಮಾತ್ರ ನನಗೆ ನಗು ಬರಲಿಲ್ಲ. ಬೆಳೆದ ಮಗಳು ಸಾಲಿನಲ್ಲಿ ನಿಂತು ನೋಡುತ್ತಿದ್ದಳು. ನಾನು ನೆಲ ನೋಡಿದೆ.

ಆದರೆ ಕೇಳಿ. ಅವತ್ತು ಮಧ್ಯಾಹ್ನ ಚೆಲ್ಲುವಾಗ ನನಗೆ ಕೆಮ್ಮು ಬರಲಿಲ್ಲ. ಬಟ್ಟೆ ಇತ್ತಲ್ಲ! ಗೊಬ್ಬರದ ಧೂಳಿಗೆ ಮುಖಕ್ಕೆ ಕಟ್ಟಿಕೊಳ್ಳಲು ಬಟ್ಟೆ ಕೊಡಿ ಅಂತ ಎಷ್ಟೋ ಕಾಲದಿಂದ ಅಂಗಲಾಚಿದ್ದೆವು, ಕೊಟ್ಟಿರಲಿಲ್ಲ; ನಾವೇ ಕಟ್ಟಿಕೊಂಡರೂ ಬಿಚ್ಚಿಸಿದ್ದರು. ನಕ್ಕಿದ್ದಕ್ಕೆ ಸಿಕ್ಕಿತು. ಈ ಸುದ್ದಿ ಸಾಲಿನಲ್ಲಿ ಹರಡಿತು. ಮಾರನೇ ದಿನ ಮೇಸ್ತ್ರಿ ಬಂದಾಗ ಹೆಂಗಸರೆಲ್ಲ ಹಲ್ಲು ಕಿರಿದು ನಿಂತಿದ್ದರು. ಒಬ್ಬೊಬ್ಬಳೂ ಅವನ ಮುಖಕ್ಕೆ ಮುಖ ಹಿಡಿದು ಹಿಹಿಹಿ ಅಂದಳು. "ಏನ್ರೇ ನಿಮಗೆ ಬಂದಿರೋದು?" ಅಂದ. "ಬಟ್ಟೆ ಕಟ್ಟು ಅಣ್ಣ, ನಾವೂ ನಗ್ತಿದ್ದೀವಿ" ಅಂದರು. ಪಾಪ, ಅವನಿಗೆ ಕಟ್ಟಬೇಕೋ ಬಿಡಬೇಕೋ ತಿಳಿಯಲಿಲ್ಲ. ಕಟ್ಟಲಿಲ್ಲ. ನಾವೇ ಹಳೇ ಬಟ್ಟೆ ಹರಿದು ಕಟ್ಟಿಕೊಂಡೆವು. ಈಗ ಯಾರೂ ಬೇಡ ಅನ್ನುವಂತಿರಲಿಲ್ಲ.

ಇನ್ನು ಕೂಸಿನ ವಿಷಯ. ಮಗಳಿಗೆ ಆಗಷ್ಟೇ ಹೆಣ್ಣುಕೂಸು ಹುಟ್ಟಿತ್ತು. ಅಳಿಯ ತರಕಾರಿ ಲಾರಿಯಲ್ಲಿ ಲೋಡರ್, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಬಾಣಂತನ ಮುಗಿಯುವ ಮೊದಲೇ ಮಗಳ ಹೆಗಲಿಗೆ ಚೀಲ ಏರಿತು. ಎದೆಹಾಲು ಬತ್ತಿತು. ಪುಡಿಹಾಲು ತಂದೆವು. ಪುಡಿಗೆ ನೀರು ಬೇಕು. ನೀರು ಗುಂಡಿಯದು.

ಹಾಲು ಕಲಸುವುದು ಅತ್ತೆಯ ಕೆಲಸ. ಕಣ್ಣು ಮಂಜು, ಹಲ್ಲಿಲ್ಲ, ಆದರೆ ಕೈ ಚುರುಕು. ಮ್ಯಾನೇಜರ್ ಹೇಳಿದ್ದನ್ನು ನಮ್ಮಲ್ಲಿ ಶ್ರದ್ಧೆಯಿಂದ ಪಾಲಿಸಿದವಳು ಅವಳೊಬ್ಬಳೇ. ಕುದಿಸಿ ಅಂದರಲ್ಲ, ಕುದಿಸಿದಳು. ಒಂದು ಕುದಿ ಬಂದರೆ ಅವಳಿಗೆ ಸಾಲದು. ಮರಿಮಗಳಿಗಲ್ಲವೇ! ಸೌದೆ ಒಟ್ಟಿ, ಊದುಕೊಳವೆ ಊದಿ, ಪಾತ್ರೆಯ ನೀರು ಅರ್ಧಕ್ಕೆ ಇಂಗುವವರೆಗೆ ಕುದಿಸಿದಳು. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುತ್ತ ಒಲೆಯ ಮುಂದೆ ಕೂತಿರುತ್ತಿದ್ದಳು.

ಕೂಸು ನೀಲಿಯಾಗತೊಡಗಿತು.

ಮೊದಲು ತುಟಿ. ಆಮೇಲೆ ಉಗುರು. ಅಳಿಯ ಪೇಟೆಯಿಂದ ನೀಲಿ ಹೊದಿಕೆ ತಂದುಕೊಟ್ಟಿದ್ದ. ಅತ್ತೆ ಅದನ್ನು ಎತ್ತಿ ನೋಡಿ, "ಈ ಹಾಳು ಬಣ್ಣ ಬಿಡ್ತಿದೆ" ಅಂದಳು. ನಾವೂ ನಂಬಿದೆವು. ಸೋಪು ಹಚ್ಚಿ ಕೂಸನ್ನು ಉಜ್ಜಿದೆವು. ಹೊದಿಕೆ ಒಗೆದೆವು. ಮತ್ತೆ ಕೂಸನ್ನು ಉಜ್ಜಿದೆವು. ಅತ್ತೆ ಅಳಿಯನಿಗೆ, ಅಂಗಡಿಯವನಿಗೆ, ಆ ಬಟ್ಟೆ ನೇಯ್ದವನಿಗೆ ಎಲ್ಲರಿಗೂ ಸೇರಿಸಿ ಮಂಗಳಾರತಿ ಮಾಡಿದಳು. ನಮಗೆಲ್ಲ ನಗು. ಕೂಸನ್ನು ತಿರುಗಿಸಿ ನೋಡುತ್ತ, "ಅಂಗಾಲು ನೋಡೇ, ಅಂಗಾಲಿಗೂ ಹತ್ತಿದೆ" ಅಂತ ನಕ್ಕೆವು. ಆಮೇಲೆ ಕೂಸು ಅಳುವುದನ್ನು ನಿಲ್ಲಿಸಿತು. ಕೈ ಎತ್ತಿದರೆ ಕೈ ಹಾಗೇ ಬಿದ್ದುಹೋಯಿತು. ಮಗಳು ಒಂದು ಕೂಗು ಕೂಗಿದಳು.

ಪೇಟೆಗೆ ಹೊರಟಿದ್ದ ಕೋಸಿನ ಲಾರಿಗೆ ಅಡ್ಡ ನಿಂತೆ. ಲೋಡಿನ ಮೇಲೆ ಹತ್ತಿಸಿಕೊಂಡರು. ಮಗಳು, ಅತ್ತೆ, ನಾನು, ನೀಲಿ ಕೂಸು, ಸುತ್ತ ದುಂಡು ದುಂಡು ಕೋಸು. ಪ್ರತಿ ತಿರುವಿನಲ್ಲೂ ಕೋಸುಗಳು ನಮ್ಮ ಮೈಮೇಲೆ ಉರುಳಿದವು. ನಾನು ಚೆಲ್ಲಿದ ಗೊಬ್ಬರದಿಂದ ಬೆಳೆದ ಕೋಸು. ಕಾಲಿನಿಂದ ಒದ್ದು ಒದ್ದು ದೂರ ಸರಿಸಿದೆ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೂಸಿನ ರಕ್ತ ತೆಗೆದಳು. ಅದು ಕೆಂಪಗಿರಲಿಲ್ಲ, ಕಾಫಿ ಬಣ್ಣಕ್ಕಿತ್ತು. "ಯಾವ ನೀರು ಕುಡಿಸ್ತೀರಾ?" ಅಂದಳು. ಹೇಳಿದೆ. "ಮೇಲೇನಿದೆ?" ಅಂದಳು. ಅದನ್ನೂ ಹೇಳಿದೆ. ಅವಳು ಒಳಗೆ ಓಡಿ ಸೂಜಿಮದ್ದು ತಂದಳು.

ಆ ಮದ್ದಿನ ಬಣ್ಣ ನೀಲಿ. ಅಚ್ಚ ನೀಲಿ, ಶಾಯಿಯಂತೆ. ಅತ್ತೆ ಅದನ್ನು ನೋಡಿದವಳೇ ಡಾಕ್ಟರಮ್ಮನ ಕೈ ಹಿಡಿದುಕೊಂಡಳು.

"ತಾಯೀ, ಮೊದಲೇ ನೀಲಿಯಾಗಿದೆ. ಇನ್ನೂ ನೀಲಿ ಯಾಕೆ ಹಾಕ್ತೀಯಾ?"

"ಈ ನೀಲಿ ಆ ನೀಲೀನ ತೆಗೆಯುತ್ತೆ ಅಜ್ಜಿ. ಕೈ ಬಿಡಿ."

ಬಿಟ್ಟಳು. ನಾವು ಮೂವರೂ ಕೂಸಿನ ತುಟಿಯನ್ನೇ ಕಣ್ಣು ಮಿಟುಕಿಸದೆ ನೋಡಿದೆವು. ಸ್ವಲ್ಪ ಹೊತ್ತಿಗೆ ತುಟಿಯ ನಡುವೆ ಒಂದು ಚುಕ್ಕೆ ಕೆಂಪು ಬಂತು. ಅದು ಅಗಲವಾಯಿತು. ಕೆನ್ನೆಗೆ ಹೋಯಿತು. ಕಿವಿಗೆ ಹೋಯಿತು. ಕೂಸು ಕಣ್ಣು ಬಿಟ್ಟು, ನಮ್ಮ ಮೂವರ ಮುಖ ನೋಡಿ, ಕಿಟಾರನೆ ಕಿರುಚಿತು. ಅಷ್ಟು ಒಳ್ಳೆಯ ಕಿರುಚಾಟ ನಾನು ಬದುಕಿನಲ್ಲಿ ಕೇಳಿಲ್ಲ. ಡಾಕ್ಟರಮ್ಮ ಬಗ್ಗಿ ಎದೆ ಪರೀಕ್ಷೆ ಮಾಡುವಾಗ ಕೂಸು ಉಚ್ಚೆ ಹೊಯ್ದಿತು. ಹಸಿರು ನೀಲಿ ಉಚ್ಚೆ! ಬಿಳಿ ಕೋಟಿನ ತೋಳಿಗೆ ಸರಿಯಾಗಿ ಬಿತ್ತು. "ಅದು ಮದ್ದಿನ ಬಣ್ಣ, ಹೆದರಬೇಡಿ" ಅನ್ನುತ್ತ ಡಾಕ್ಟರಮ್ಮನೇ ನಕ್ಕುಬಿಟ್ಟಳು. ಆಮೇಲೆ ಕೇಳಬೇಕೇ? ಅತ್ತೆ ನೆಲದಲ್ಲಿ ಕೂತು ನಕ್ಕಳು. ಮಗಳು ಗೋಡೆಗೆ ತಲೆಯಿಟ್ಟು ನಕ್ಕಳು. ನನಗಂತೂ ಹೊಟ್ಟೆ ಹುಣ್ಣಾಯಿತು. ಪಕ್ಕದ ಹಾಸಿಗೆಯ ರೋಗಿ ಗದರಿದ.

ನಗು ಮುಗಿದ ಮೇಲೆ ಡಾಕ್ಟರಮ್ಮ ನಮ್ಮನ್ನು ಹತ್ತಿರ ಕೂರಿಸಿಕೊಂಡಳು.

"ಆ ನೀರನ್ನ ಕೂಸಿಗೆ ಕೊಡಲೇಬೇಡಿ. ಗೊಬ್ಬರದ ಉಪ್ಪು ಸೇರಿದೆ. ಅದು ಎಳೇ ಕೂಸಿನ ರಕ್ತ ಕೆಡಿಸುತ್ತೆ."

"ನಾನು ಕುದಿಸ್ತಿದ್ದೆನಲ್ಲವ್ವಾ" ಅಂದಳು ಅತ್ತೆ. "ಅರ್ಧಕ್ಕೆ ಇಂಗಿಸ್ತಿದ್ದೆ."

ಡಾಕ್ಟರಮ್ಮನ ಮುಖ ಬದಲಾಯಿತು. "ಕುದಿಸಿದ್ರೆ ಹುಳ ಸಾಯುತ್ತೆ ಅಜ್ಜಿ. ಉಪ್ಪು ಸಾಯಲ್ಲ. ನೀರು ಹಬೆಯಾಗಿ ಹೋಗುತ್ತೆ, ಉಪ್ಪು ಪಾತ್ರೇಲೇ ಉಳಿದು ಇನ್ನೂ ಗಟ್ಟಿಯಾಗುತ್ತೆ. ಕುದಿಸೋಕೆ ಹೇಳಿದ್ದು ಯಾರು?"

ಅತ್ತೆ ತನ್ನ ಕೈ ನೋಡಿಕೊಂಡಳು. ಆ ಕೈಯನ್ನು ನಾನು ಹಿಡಿದುಕೊಂಡೆ. ನನಗೆ ಸಿಟ್ಟು ಬಂತು. ಸುತ್ತಿಬಳಸಿ ಹೇಳುವ ಸಿಟ್ಟಲ್ಲ. ಮ್ಯಾನೇಜರ್ ಎದುರಿಗಿದ್ದಿದ್ದರೆ ಕೋಸನ್ನು ಕೊಯ್ಯುವ ಹಾಗೆ ಅವರ ಕುತ್ತಿಗೆಗೆ ಕೈ ಹಾಕುತ್ತಿದ್ದೆ.

"ಗೊಬ್ಬರ ಹಾಕೋ ಜಾಗಕ್ಕಿಂತ ಮೇಲೆ ಎಲ್ಲಾದ್ರೂ ನೀರಿದೆಯಾ?" ಅಂತ ಡಾಕ್ಟರಮ್ಮ ಕೇಳಿದಳು. "ಇದ್ರೆ ಅದನ್ನೇ ತನ್ನಿ. ಇನ್ನೊಂದ್ಸಲ ಹೀಗಾಗಿ, ನೀವು ಇಲ್ಲಿಗೆ ಬರೋದು ತಡ ಆದ್ರೆ, ಕೂಸು ಉಳಿಯಲ್ಲ."

ಇದೆ. ಬಂಗಲೆಯ ಪಕ್ಕದಲ್ಲಿ ಕಾಡಂಚಿನ ಒರತೆ ಇದೆ. ಅದಕ್ಕೆ ಕಲ್ಲಿನ ತೊಟ್ಟಿ ಕಟ್ಟಿದ್ದಾರೆ. ಸುತ್ತ ಬೇಲಿ, ಬೇಲಿಗೆ ಗೇಟು, ಗೇಟಿಗೆ ಕಾವಲುಗಾರ. ನೀರು ಬಂಗಲೆಗೆ, ಬಂಗಲೆಗೆ ಬರುವ ಅತಿಥಿಗಳಿಗೆ. ಕಲ್ಲು ಹೊತ್ತು ಆ ತೊಟ್ಟಿ ಕಟ್ಟಿದವರಲ್ಲಿ ನನ್ನ ಗಂಡನೂ ಒಬ್ಬ. ಕಟ್ಟಿ ಮುಗಿದ ಸಂಜೆ ಕೈ ತೊಳೆಯಲು ಹೋದವನನ್ನು ಆಚೆಗೆ ಹೋಗು ಅಂದಿದ್ದರು.

ಕೂಸನ್ನು ಮನೆಗೆ ತಂದ ಮಾರನೇ ದಿನವೇ ಬಂಗಲೆಗೆ ಹೋದೆ. ಜಗಲಿಯ ಕೆಳಗೆ ನಿಂತು ಕೇಳಿದೆ. "ದಿನಕ್ಕೆ ಒಂದೇ ಕೊಡ ಸಾರ್. ಎಳೇ ಕೂಸಿಗೆ. ಡಾಕ್ಟರಮ್ಮ ಹೇಳಿದ್ದಾರೆ."

"ಇವತ್ತು ನಿನಗೆ ಕೊಟ್ರೆ ನಾಳೆ ಸಾಲುಮನೆಯೆಲ್ಲ ಬಂದು ನಿಲ್ಲುತ್ತೆ" ಅಂದರು ಮ್ಯಾನೇಜರ್.

"ಬರ್ತಾರೆ ಸಾರ್. ಎಲ್ಲರಿಗೂ ಬಾಯಾರಿಕೆ ಇದೆ."

"ಅತಿಥಿಗಳು ಕುಡಿಯೋ ನೀರು ಅದು. ನಿಮ್ಮ ಗೊಬ್ಬರದ ಕೈ, ಗಬ್ಬು ಕೊಡ ಮುಳುಗಿಸಿದ್ರೆ ತೊಟ್ಟಿಯೆಲ್ಲ ಕೆಡುತ್ತೆ. ಅಷ್ಟೂ ತಿಳುವಳಿಕೆ ಇಲ್ವಾ? ಹೋಗಿ ಚೆನ್ನಾಗಿ ಕುದಿಸಿ."

ಅವರು ಗೊಬ್ಬರ ಸುರಿದರೆ ನಮ್ಮ ನೀರು ಕೆಡುವುದಿಲ್ಲ. ನಾವು ಕೊಡ ಅದ್ದಿದರೆ ಅವರ ನೀರು ಕೆಡುತ್ತದೆ. ನನಗೆ ನಗು ಬಂತು. ಬಾಯಿಗೆ ಬಟ್ಟೆ ಇತ್ತು, ಹಾಗಾಗಿ ಅವರಿಗೆ ಕಂಡಿದ್ದು ನನ್ನ ಹೆಗಲು ಕುಣಿಯುವುದು ಮಾತ್ರ. ಅಳುತ್ತಿದ್ದೇನೆ ಅಂದುಕೊಂಡರು. "ಅಳಬೇಡ, ಹೋಗು" ಅಂದರು, ಸ್ವಲ್ಪ ಕರುಣೆಯಿಂದ. ಅದಕ್ಕಂತೂ ನನಗೆ ನಿಲ್ಲಲೇ ಆಗದೆ ಮೆಟ್ಟಿಲ ಹತ್ತಿರ ಕುಸಿದು ಕೂತೆ. ಕಾವಲುಗಾರ ಎಬ್ಬಿಸಿ ಗೇಟಿನ ತನಕ ಬಿಟ್ಟುಬಂದ.

ಅವತ್ತು ಕೂಸಿಗೆ ಆಸ್ಪತ್ರೆಯಿಂದ ತಂದ ಬಾಟಲಿ ನೀರು ಇತ್ತು. ಮಾರನೇ ದಿನಕ್ಕೆ ತಳ ಕಂಡಿತು.

ಆ ಮಾರನೇ ದಿನವೇ ಮೋಡ ಕಟ್ಟಿತು. ನಮ್ಮ ಗುಂಡಿಯ ನೇರ ಮೇಲಿನ ಪಟ್ಟಿಗೆ ಗೊಬ್ಬರ ಬಾಕಿಯಿತ್ತು. ಮೇಸ್ತ್ರಿ ಎಲ್ಲರ ಹೆಗಲಿಗೂ ತುಂಬಿದ ಚೀಲ ಬಿಗಿದ. "ಬೇಗ ಬೇಗ! ಮಳೆ ಬರೋಕ್ ಮುಂಚೆ!"

ಸಾಲಾಗಿ ನಿಂತೆವು. ನಾನು ಚೀಲಕ್ಕೆ ಕೈ ಹಾಕಿದೆ. ಹಿಡಿ ತುಂಬಿತು. ಕೆಳಗೆ ನೋಡಿದರೆ ನಮ್ಮ ಗುಂಡಿ. ಗುಂಡಿಯ ಪಕ್ಕ ನಮ್ಮ ಬಾಗಿಲು. ಬಾಗಿಲಲ್ಲಿ ಅತ್ತೆ, ತೊಡೆಯ ಮೇಲೆ ಕೂಸು. ಹಿಡಿಯನ್ನು ಮತ್ತೆ ಚೀಲದೊಳಕ್ಕೇ ಬಿಟ್ಟೆ. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ.

"ಏನೇ ಕಿಸಬಾಯಿ? ಬೀಸೇ!"

"ಬೀಸಲ್ಲ."

"ಏನಂದೆ?"

ಬಾಯಿಯ ಬಟ್ಟೆ ಕೆಳಗೆಳೆದೆ. "ಬೀಸಲ್ಲ ಅಂದೆ. ಈ ಹಿಡಿ ನನ್ನ ಕೂಸಿನ ಬಾಯಿಗೆ ಹೋಗುತ್ತೆ. ನಾನು ಬೀಸಲ್ಲ."

ಕುಳ್ಳಿ ತನ್ನ ಕೈಯನ್ನು ಕಂಕುಳಲ್ಲಿಟ್ಟಳು. ಮಗಳು ಇಟ್ಟಳು. ಅವಳ ಆಚೆಯವಳು ಇಟ್ಟಳು. ನೋಡನೋಡುತ್ತ ಸಾಲಿನ ಕೊನೆಯವರೆಗೂ ಯಾರಿಗೂ ಕೈಯೇ ಇಲ್ಲ. ಎಲ್ಲರ ಮುಂದೂ ಉಬ್ಬಿದ ಚೀಲ. ತುಂಬು ಬಸುರಿಯರ ಹಾಗೆ ಸೊಂಟ ಹಿಂದಕ್ಕೆ ಮಾಡಿ ನಿಂತಿದ್ದೆವು.

ಮೊದಲ ಹನಿ ಬಿತ್ತು. ಮೇಸ್ತ್ರಿ ಕುಣಿದಾಡಿದ. "ನೆನೆಯುತ್ತೆ! ಗೊಬ್ಬರ ನೆನೆದು ಹಾಳಾಗುತ್ತೆ! ಚೆಲ್ಲಿ, ಇಲ್ಲಾಂದ್ರೆ ಇಳಿಸಿ!"

"ಖಾಲಿ ಆಗೋವರೆಗೂ ಇಳಿಸಬಾರದಲ್ಲಣ್ಣ" ಅಂದಳು ಕುಳ್ಳಿ. "ಇಳಿಸಿದ್ರೆ ನಾವು ಕಳ್ಳಿಯರಲ್ವಾ?"

"ಹಾಗಾದ್ರೆ ಎಲ್ಲಾದ್ರೂ ಹೋಗಿ! ಚೀಲ ನೆನೆಯದ ಕಡೆ ಹೋಗಿ ಸಾಯ್ರೇ!"

ಎಲ್ಲಾದರೂ ಹೋಗಿ ಅಂದನಲ್ಲ. ನಾನು ಮೇಲಕ್ಕೆ ನೋಡಿದೆ. ಬಂಗಲೆಯ ಕೆಂಪು ಸೂರು ಕಾಣುತ್ತಿತ್ತು. ಹೊಲದ ಬದುವಿನಲ್ಲಿ ನಮ್ಮ ಕುಡಿಯುವ ನೀರಿನ ಕ್ಯಾನುಗಳಿದ್ದವು. ನನ್ನ ಕ್ಯಾನಿನ ಹಸಿರು ನೀರನ್ನು ನೆಲಕ್ಕೆ ಸುರಿದೆ. ಕ್ಯಾನು ಕೈಗೆ ತೂಗುಹಾಕಿಕೊಂಡು ಗುಡ್ಡ ಹತ್ತತೊಡಗಿದೆ. ಹಿಂದೆ ಬಳಬಳನೆ ನೀರು ಸುರಿಯುವ ಸದ್ದು ಕೇಳಿತು, ಒಂದಾದ ಮೇಲೆ ಒಂದು. ಮಗಳು ಚೀಲವನ್ನು ಬೆನ್ನಿಗೆ ಸರಿಸಿಕೊಂಡು ಕೆಳಕ್ಕೆ ಓಡಿದಳು, ಅಜ್ಜಿಯನ್ನೂ ಕೂಸನ್ನೂ ಕರೆತರಲು.

ಆ ಏರನ್ನು ನಾವು ಹಾಗೆ ಎಂದೂ ಹತ್ತಿರಲಿಲ್ಲ. ಮಳೆ, ಕೆಸರು, ಹೆಗಲ ಮೇಲೆ ಭಾರ, ಜಾರುವ ಕಾಲು. ಒಬ್ಬಳು ಜಾರಿದರೆ ಹಿಂದಿನವಳು ಅವಳ ಕುಂಡೆಗೆ ಹೆಗಲು ಕೊಟ್ಟು ತಳ್ಳಿದಳು. ಕುಳ್ಳಿ ಮೂರಡಿ ಹತ್ತಿದರೆ ಎರಡಡಿ ಜಾರುತ್ತ, "ನನ್ನನ್ನ ಕೋಸು ಅಂದ್ಕೊಂಡು ಎಸೀರೇ" ಅಂದಳು. ಖಾಲಿ ಕ್ಯಾನುಗಳು ಡಬಡಬ ಬಡಿದವು. ಏನಾಗುತ್ತದೋ ಅನ್ನುವ ಭಯ ಇತ್ತು, ಆದರೂ ನಗು. ಅಮಲೇರಿದವರ ಹಾಗೆ ನಕ್ಕೆವು. ಮೇಸ್ತ್ರಿ ನಮ್ಮ ಹಿಂದೆ "ಅಲ್ಲಿಗಲ್ರೇ, ಅಲ್ಲಿಗಲ್ಲ" ಅಂತ ಕಿರುಚುತ್ತ ಬಂದ. ಒಂದು ಕಡೆ ಅವನೂ ಜಾರಿದ. ಕೈ ಕೊಟ್ಟು ಎತ್ತಿ ಮುಂದೆ ಹೋದೆವು.

ಅತಿಥಿಗಳು ಬಂದಿದ್ದರಿಂದ ಗೇಟು ತೆರೆದಿತ್ತು. ತೊಟ್ಟಿಯ ಪಕ್ಕದ ಮಂಟಪದಲ್ಲಿ ಒಂದಷ್ಟು ಜನ ಚಹಾ ಕುಡಿಯುತ್ತ ಮಳೆ ನೋಡುತ್ತಿದ್ದರು. ಕಾವಲುಗಾರ ಕೋಲು ಎತ್ತಿದವನು, ನಾವು ಬರುತ್ತಲೇ ಇರುವುದನ್ನು ನೋಡಿ, ಇಳಿಸಿದ.

ನಾನು ತೊಟ್ಟಿಯ ಅಂಚಿಗೆ ಹೋದೆ. ಬಗ್ಗಿದೆ. ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಇಷ್ಟು ಹತ್ತಿರದಲ್ಲಿ ಇಂಥ ನೀರು ಇಟ್ಟುಕೊಂಡು ನನ್ನ ಕೂಸಿಗೆ ವಿಷ ಕುಡಿಸಿದರಲ್ಲ ಅಂತ ಹೊಟ್ಟೆ ಉರಿಯಿತು. ಬಗ್ಗಿದ ಭಾರಕ್ಕೆ ಚೀಲ ಮುಂದಕ್ಕೆ ಜೋತುಬಿತ್ತು. ಅದರ ಬಾಯಿ ಕಟ್ಟಿರಲಿಲ್ಲ. ಎಲ್ಲರೂ ನನ್ನ ಪಕ್ಕ ಸಾಲಾಗಿ ನಿಂತು, ಕ್ಯಾನು ಅದ್ದಲು ಬಗ್ಗಿದರು. ಎಲ್ಲರ ಚೀಲವೂ ನೀರಿನ ಮೇಲೆ ಜೋತುಬಿತ್ತು.

ಆಗ ಮ್ಯಾನೇಜರ್ ಬಂಗಲೆಯಿಂದ ಹೊರಗೆ ಬಂದರು. ಅವರು ಕ್ಯಾನು ನೋಡಲಿಲ್ಲ. ಚೀಲ ನೋಡಿದರು. ಛತ್ರಿ ಬಿಸಾಡಿ ಓಡಿಬಂದರು.

"ಅಯ್ಯೋ ಬೇಡ! ಬೇಡ! ಸುರೀಬೇಡಿ! ನೀರಿಗೆ ಹಾಕಬೇಡಿ!"

ಸುರಿಯುವ ಯೋಚನೆ ನಮಗೆ ಬಂದೇ ಇರಲಿಲ್ಲ, ದೇವರಾಣೆ. ಹೊರಿಸಿದ ಚೀಲ ಹೊತ್ತುಕೊಂಡು ಬಂದಿದ್ದೆವು ಅಷ್ಟೇ. ನಾನು ಬಗ್ಗಿದ ಹಾಗೇ ಅವರತ್ತ ತಿರುಗಿದೆ.

"ಯಾಕೆ ಸಾರ್? ಗಿಡದ ಊಟ ಅಲ್ವಾ?"

"ತಮಾಷೆ ಮಾಡಬೇಡ! ವಿಷ ಅದು! ಮಕ್ಕಳು ಕುಡಿಯೋ ನೀರಮ್ಮಾ ಇದು, ಮಕ್ಕಳು ಕುಡಿಯೋ ನೀರು!"

ಅತಿಥಿಗಳ ಕೈಯಲ್ಲಿ ಚಹಾದ ಕಪ್ಪು ಹಾಗೇ ಉಳಿಯಿತು. ಅವರಲ್ಲೊಬ್ಬ ಹೆಂಗಸು ತನ್ನ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ತಮ್ಮ ಬಾಯಿಂದ ಬಂದದ್ದು ಮ್ಯಾನೇಜರರ ಕಿವಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅತ್ತೆ ಗೇಟು ದಾಟಿ ಬಂದಳು. ಏದುಸಿರು. ಒಂದು ಕೈ ಮಗಳ ಹೆಗಲ ಮೇಲೆ. ಮಗಳ ಎದೆಗೆ ನೀಲಿ ಹೊದಿಕೆಯಲ್ಲಿ ಸುತ್ತಿದ ಕೂಸು. ಅತ್ತೆ ನೇರವಾಗಿ ಮ್ಯಾನೇಜರ್ ಮುಂದೆ ನಿಂತು, ಹೊದಿಕೆ ಸರಿಸಿ, ಕೂಸಿನ ಮುಖ ತೋರಿಸಿದಳು.

"ಮಕ್ಕಳು ಕುಡಿಯೋ ನೀರಲ್ವಾ? ಇಗೋ, ಮಗು."

ಅವರು ಕೂಸನ್ನು ನೋಡಲಿಲ್ಲ. ನನ್ನ ಚೀಲವನ್ನೇ ನೋಡುತ್ತಿದ್ದರು. ಕೈ ಮುಗಿದರು. ನಾನು ಹುಟ್ಟಿದ ಮೇಲೆ ಆ ಇಸ್ತ್ರಿ ಅಂಗಿಯವರು ಯಾರೂ ನನಗೆ ಕೈ ಮುಗಿದಿರಲಿಲ್ಲ.

"ಚೀಲ ಇಳಿಸಮ್ಮಾ. ದಯವಿಟ್ಟು ಚೀಲ ಇಳಿಸು."

"ಖಾಲಿ ಆಗೋವರೆಗೂ ಇಳಿಸಬಾರದು ಸಾರ್" ಅಂದೆ. "ನಿಮ್ಮದೇ ಕಾನೂನು."

ನಕ್ಕೆ. ಬಾಯಿಗೆ ಬಟ್ಟೆಯಿರಲಿಲ್ಲ. ಇದ್ದಷ್ಟೂ ಹಲ್ಲು ತೋರಿಸಿದೆ. ಕ್ಯಾನು ಅದ್ದಿದೆ. ಗುಳುಗುಳು ಅಂತ ತುಂಬಿತು. ಎಲ್ಲರ ಕ್ಯಾನೂ ತುಂಬುವವರೆಗೆ ಅವರು ಮಳೆಯಲ್ಲಿ ಕೈ ಮುಗಿದೇ ನಿಂತಿದ್ದರು. ಒಂದು ಕಾಳು ಗೊಬ್ಬರವೂ ಆ ನೀರಿಗೆ ಬೀಳದ ಹಾಗೆ ನಾವು ಚೀಲದ ಬಾಯಿ ಮುಚ್ಚಿಹಿಡಿದಿದ್ದೆವು. ಅದನ್ನು ಅವರಿಗೆ ಹೇಳಲಿಲ್ಲ.

ನಮ್ಮ ಗುಂಡಿ ಇನ್ನೂ ಹಸಿರಾಗೇ ಇದೆ. ಅದು ತಿಳಿಯಾಗಲು ಎಷ್ಟು ಮಳೆಗಾಲ ಬೇಕೋ. ಆದರೆ ಮೋಡ ಕಪ್ಪಾದರೆ ಈಗ ಯಾರೂ ಚೀಲಕ್ಕೆ ಕೈ ಹಾಕುವುದಿಲ್ಲ. ಮೇಸ್ತ್ರಿ ಕುಣಿಯುತ್ತಾನೆ, ನಮ್ಮ ಕೈ ಕಂಕುಳಲ್ಲಿರುತ್ತದೆ. ಕೆಲಸದಿಂದ ತೆಗೆಯುತ್ತೇವೆ ಅಂತ ಹೆದರಿಸಿದರು. ಒಬ್ಬಳನ್ನು ತೆಗೆದರೆ ಎಲ್ಲರೂ ಮೇಲೆ ಬರುತ್ತೇವೆ ಅಂದೆವು, ಚೀಲದ ಸಮೇತ. ಆ ಮಾತು ಅಲ್ಲಿಗೇ ನಿಂತಿದೆ. ಹೆದರಿಕೆ ನಮಗೂ ಇದೆ, ಇಲ್ಲ ಅನ್ನುವುದಿಲ್ಲ.

ದಿನಾ ಬೆಳಿಗ್ಗೆ ನೀರಿಗೆ ಮೇಲೆ ಹೋಗುತ್ತೇವೆ. ಮುಂದೆ ನಾನು, ಹೆಗಲಿಗೆ ಉಬ್ಬಿದ ಚೀಲ ಬಿಗಿದುಕೊಂಡು. ಹಿಂದೆ ಕೊಡಗಳು. ಚೀಲ ಕಂಡ ಕೂಡಲೇ ಕಾವಲುಗಾರ ಗೇಟು ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಒಳಗೇನಿದೆ ಅಂತ ಬಿಚ್ಚಿ ನೋಡುವ ಧೈರ್ಯ ಇದುವರೆಗೂ ಯಾರಿಗೂ ಬಂದಿಲ್ಲ. ಒಣಹುಲ್ಲಿದೆ. ಅತ್ತೆ ತುಂಬಿಕೊಟ್ಟಿದ್ದು. ನೀರು ತಂದ ಮೇಲೆ ಕೂಸನ್ನು ಅದರ ಮೇಲೇ ಮಲಗಿಸುತ್ತಾಳೆ.